ದ್ವಾದಶಿ ನೋಡಿ ಗಾಳಿ ಮರದ ಸದ್ದು ಹಿಡಿದೆ

ಮುಂಬೈಯ ಉತ್ತರಕ್ಕೆ, ಪಾಲ್ಘರ್ ಹತ್ತಿರದ ಕೇಳವೆ ಬೀಚಿನ ಗಾಳಿ ಮರಗಳ (ಕ್ಯಾಸುರಿನಾ) ಸದ್ದು ನನ್ನ ಹತ್ತಿರ ಇದೆ. ಒಂದೇ ಟೇಕ್, ಏಳೆಂಟು ನಿಮಿಷ. ಅದರಲ್ಲಿ ಅಲೆಯ ಸದ್ದಿಲ್ಲ. 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ತೆಗೆಯುವ ಲೋ ಕಟ್ ಬಿಟ್ಟರೆ ಯಾವ ಫಿಲ್ಟರನ್ನೂ ಹಾಕಿಲ್ಲ. ಮುಂಬೈಯಲ್ಲಿ ಕನ್ನಡ ನಾಟಕಗಳಿಗೆ ಸೌಂಡ್ ಮಾಡುವ ಗೆಳೆಯರೆಲ್ಲ "ಸಮುದ್ರದ ದಡದಲ್ಲಿ ಕೂತು ಸಮುದ್ರ ಇಲ್ಲದ ಸದ್ದು ತರ್ತೀಯಾ?" ಎಂದು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ಫೈಲ್ ಕೊಡು ಎಂದು ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಸದ್ದು ಬೇಕಾಗಿದ್ದ ನಾಟಕ ಹೊನ್ನಾವರದ ಕಡೆಯದು. ಮೊದಲ ದೃಶ್ಯದಲ್ಲಿ ಮುದುಕಿಯೊಬ್ಬಳ ಮನೆ, ಹಿಂದೆ ಗಾಳಿ ಮರದ ತೋಪು. ಸಮುದ್ರ ಕೇಳಿಸಬೇಕಾದ್ದು ದೃಶ್ಯದ ಕೊನೆಗೆ, ಮಗನ ಸುದ್ದಿ ಬಂದ ಮೇಲೆ. ಅಲ್ಲಿಯವರೆಗೆ ಬರೀ ಮರ. ನಿರ್ದೇಶಕರು ಅದೇ ಊರಿನವರು, ಕಿವಿ ಚುರುಕು. ಆನ್‌ಲೈನ್ ಸೌಂಡ್ ಲೈಬ್ರರಿಯಿಂದ ಪೈನ್ ಕಾಡಿನ ಸದ್ದು ತಂದು ಕೇಳಿಸಿದೆ. ಅದರ ಚಂದಾಕ್ಕೆ ಸಾವಿರದೈನೂರೋ ಏನೋ ಹೋಯಿತು. "ಇದು ಬೆಟ್ಟದ ಸದ್ದು ಮಾರಾಯ, ನಮ್ಮ ಬದಿದಲ್ಲ" ಎಂದರು. ಕಾರವಾರದಲ್ಲಿ ಬ್ರಿಟಿಷರು 1868ರ ಹೊತ್ತಿಗೆ ಉರುವಲಿಗೆಂದು ಈ ಮರ ತಂದು ನೆಟ್ಟದ್ದರಿಂದ ಹಿಡಿದು ಅರ್ಧ ಗಂಟೆ ಪಾಠವೂ ಆಯಿತು.

ಅವರು ಹೇಳಿದ್ದು ಸರಿಯೇ. ಗಾಳಿ ಮರ ಪೈನ್ ಅಲ್ಲವೇ ಅಲ್ಲ. ಸೂಜಿ ಎಲೆಯಂತೆ ಕಾಣುವುದು ಸಣ್ಣ ಸಣ್ಣ ಗೆಣ್ಣಿರುವ ಕಡ್ಡಿ, ಎಳೆದರೆ ಗೆಣ್ಣಿಗೆ ಕಳಚಿಕೊಳ್ಳುತ್ತದೆ. ನಿಜವಾದ ಎಲೆ ಆ ಗೆಣ್ಣಿನ ಸುತ್ತ ಹಲ್ಲಿನ ಹಾಗೆ ಇರುತ್ತದೆ, ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕಡ್ಡಿ ಒಂದು ಮಿಲಿಮೀಟರಿಗಿಂತ ತೆಳು. ಸೆಕೆಂಡಿಗೆ ಮೂರು ಮೀಟರ್ ಗಾಳಿ ಬೀಸಿದರೆ ಅದು 700-800 ಹರ್ಟ್ಸ್ ಹತ್ತಿರ ಹಾಡುತ್ತದೆ, ಐದು ಮೀಟರ್ ಆದರೆ 1200 ದಾಟುತ್ತದೆ. ಗಾಳಿ ಏರಿದ ಹಾಗೆ ಸ್ವರವೂ ಏರುತ್ತದೆ. ಆ ನಿಟ್ಟುಸಿರು ಹುಟ್ಟುವುದು ಅಲ್ಲೇ. ತಲೆನೋವೂ ಅಲ್ಲೇ. ಅಲೆಯ ಸದ್ದು ಕೆಳಗಿಂದ ಮೇಲಿನವರೆಗೆ ಹರಡಿರುತ್ತದೆ, ಇದೇ ಜಾಗದಲ್ಲೂ ಕೂತಿರುತ್ತದೆ. ಈಕ್ಯೂನಲ್ಲಿ (ಬೇಕಾದ ಸ್ವರಗಳನ್ನಷ್ಟೇ ಏರಿಸಿ ಇಳಿಸುವ ಸಾಧನ) ಸಮುದ್ರ ಕತ್ತರಿಸಲು ಹೋದರೆ ಮರವೂ ಹೋಗುತ್ತದೆ. ಎಷ್ಟೋ ರಾತ್ರಿ ಅದರಲ್ಲೇ ಕಳೆದೆ. ನಾಯ್ಸ್ ರಿಡಕ್ಷನ್ ಪ್ಲಗಿನ್‌ಗೂ ದುಡ್ಡು ಸುರಿದೆ. ಬಂದದ್ದು ನೀರೊಳಗೆ ಯಾರೋ ಪಿಸುಗುಟ್ಟಿದ ಹಾಗಿನ ಸದ್ದು.

ಮಳೆಗಾಲದಲ್ಲಿ ಗಾಳಿ ಜಾಸ್ತಿ ಅಲ್ವಾ ಎಂದು ಜುಲೈಯಲ್ಲಿ ಅಲಿಬಾಗ್ ಪಕ್ಕದ ಆಕ್ಷಿಗೆ ಹೋದೆ. ಅಲ್ಲಿಯ ಸುರು (ಗಾಳಿ ಮರಕ್ಕೆ ಮರಾಠಿ ಹೆಸರು) ತೋಪು ಚೆನ್ನಾಗಿದೆ. ಆದರೆ ಗೇಟ್‌ವೇಯಿಂದ ಮಾಂಡ್ವಾಕ್ಕೆ ಹೋಗುವ ಲಾಂಚ್ ಆಗ ಬಂದ್. ಎಸ್‌ಟಿ ಬಸ್ಸಿನಲ್ಲಿ ಪೇಣ್ ಸುತ್ತಿ ಹೋದೆ. ಗಾಳಿ ಏನೋ ಭರ್ಜರಿ, ಅಲೆಯ ಅಬ್ಬರ ಅದರ ಎರಡರಷ್ಟು. ಮೇಲಿಂದ ಹನಿ ಬೇರೆ. ವಸತಿ, ಊಟ ಸೇರಿ ಮೂರು ಸಾವಿರದ ಹತ್ತಿರ ಖರ್ಚು, ಕೈಗೆ ಬಂದದ್ದು ಸೊನ್ನೆ.

ಆಮೇಲೆ ಕೇಳವೆ ಹಿಡಿದೆ. ಡಹಾಣು ಲೋಕಲ್ ಹತ್ತಿ ಕೇಳವೆ ರೋಡ್‌ನಲ್ಲಿ ಇಳಿದರೆ ಶೇರ್ ಆಟೊ ಸಿಗುತ್ತದೆ. ಹೋಗಿ ಬರುವ ರೈಲಿಗೆ ನೂರು ರೂಪಾಯಿಯೂ ಬೇಡ. ಭಾನುವಾರ ಮಾತ್ರ ಹೋಗಬೇಡಿ. ಕುದುರೆ ಗಾಡಿ, ಸ್ಪೀಕರ್, ಮರದಡಿಯೇ ಅಡುಗೆ. ವಾರದ ನಡುವೆ ಬೆಳಿಗ್ಗೆ ಹೋದರೆ ತೋಪು ಖಾಲಿ, ಆದರೆ ಗಾಳಿಯೂ ಖಾಲಿ. ಚಳಿಗಾಲದ ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ ಬರುತ್ತದೆ, ಹನ್ನೊಂದು ಹನ್ನೆರಡಕ್ಕೆ ನಿಂತು ತಿರುಗುತ್ತದೆ. ಸಮುದ್ರದ ಗಾಳಿ ಜೋರಾಗುವುದು ಎರಡರಿಂದ ನಾಲ್ಕೂವರೆಯವರೆಗೆ. ಆ ಗಾಳಿ ಅಲೆಯ ಸದ್ದನ್ನೂ ಹೊತ್ತುಕೊಂಡೇ ತೋಪಿಗೆ ನುಗ್ಗುತ್ತದೆ. ಹಾಗಾಗಿ ಗಾಳಿ ಜೋರಿರುವ ಹೊತ್ತಿಗೇ ನೀರು ದೂರ ಇರಬೇಕು.

ಇದಕ್ಕೆ ದಾರಿ ತೋರಿಸಿದ್ದು ಅಲ್ಲಿಯ ಆಟೊದವನು. ಮೊಬೈಲ್ ನೋಡದೆ ಇಳಿತದ ಹೊತ್ತು ಹೇಳಿದ. ಕೇಳಿದರೆ ಕೊಂಕಣದವರ ಹಳೇ ಲೆಕ್ಕ. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲು ಎಷ್ಟೋ ಅಷ್ಟು ಗಂಟೆಗೆ ಭರತ, ಅಂದರೆ ಉಬ್ಬರ. ಅದಾಗಿ ಆರು ಗಂಟೆ ಚಿಲ್ಲರೆಗೆ ಇಳಿತ. ದ್ವಾದಶಿಗೆ ಒಂಬತ್ತಕ್ಕೆ ಭರತ ಅಂದರೆ ಮಧ್ಯಾಹ್ನ ಮೂರೂಕಾಲರ ಸುಮಾರಿಗೆ ಇಳಿತ. ಮುಂಬೈ ಕಡೆ ಅರ್ಧ ಮುಕ್ಕಾಲು ಗಂಟೆ ತಡವಾಗುತ್ತದೆ, ಟೈಡ್ ಟೇಬಲ್ ಜೊತೆ ತಾಳೆ ನೋಡಿಕೊಳ್ಳಿ. ಶುಕ್ಲಪಕ್ಷವಾದರೂ ಕೃಷ್ಣಪಕ್ಷವಾದರೂ ಲೆಕ್ಕ ಒಂದೇ.

ಹಾಗಾದರೆ ಹುಣ್ಣಿಮೆ, ಅಮಾವಾಸ್ಯೆ ಯಾಕಲ್ಲ? ಆಗ ನೀರು ಬಹಳ ದೂರ ಹೋಗುತ್ತದೆ, ಆದರೆ ಸಂಜೆ ಆರರ ಮೇಲೆ. ಅಷ್ಟರಲ್ಲಿ ಗಾಳಿ ಬಿದ್ದಿರುತ್ತದೆ. ಅಷ್ಟಮಿ, ನವಮಿಯಲ್ಲಿ ಇಳಿತ ನಡು ಮಧ್ಯಾಹ್ನಕ್ಕೆ ಬರುತ್ತದೆ, ಆದರೆ ನೀರು ಇಳಿಯುವುದೇ ಕಡಿಮೆ. ಗಾಳಿ, ಹೊತ್ತು, ದೂರ ಮೂರೂ ಹೊಂದುವುದು ಏಕಾದಶಿಯ ಕೊನೆ ಮತ್ತು ದ್ವಾದಶಿ. ತ್ರಯೋದಶಿ ಸ್ವಲ್ಪ ತಡ. ಮಾಟುಂಗದ ಹೋಟೆಲಿನ ಗಲ್ಲಾದ ಮೇಲೆ ತೂಗುಹಾಕಿದ್ದ ಪಂಚಾಂಗ ನೋಡಿ ಫೆಬ್ರವರಿಯ ದಿನ ಗುರುತು ಹಾಕುತ್ತಿದ್ದೆ. ಅಲ್ಲಿಯ ಕುಂದಾಪುರದ ಮಾಲೀಕರು, "ಎಂತ ಮಾರ್ರೆ, ಉಪನಯನವಾ?" ಎಂದು ಕೇಳಿದರು.

ಆ ದ್ವಾದಶಿ ಬುಧವಾರ ಬಂತು. ಮೂರೂವರೆಗೆ ನೀರು ಇನ್ನೂರು ಮುನ್ನೂರು ಮೀಟರ್ ಆಚೆ ಇತ್ತು. ನಡುವೆ ಬರೀ ಹಸಿ ಮರಳು. ತೋಪಿನೊಳಗೆ ನೆಲದಲ್ಲಿ ಗಾಳಿ ಕಡಿಮೆ, ತಲೆ ಮೇಲೆ ಜೋರು, ಮೈಕಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಉದುರಿದ ಕಡ್ಡಿಗಳ ಹಾಸು ಎಷ್ಟು ದಪ್ಪ ಎಂದರೆ ನನ್ನ ಹೆಜ್ಜೆಯೂ ಕೇಳಿಸಲಿಲ್ಲ. ಜೂಮ್ ಎಚ್5 ರೆಕಾರ್ಡರ್, ಅದರ ಮೇಲೆ ಮಂಗಳದಾಸ್ ಮಾರ್ಕೆಟ್ಟಿನ ತುಪ್ಪಳದ ಬಟ್ಟೆಯಲ್ಲಿ ನಾನೇ ಹೊಲಿದ ಡೆಡ್ ಕ್ಯಾಟ್, ಅಂದರೆ ಮೈಕಿಗೆ ಗಾಳಿ ಬಡಿಯದ ಹಾಗೆ ತಡೆಯುವ ಗವಸು. ಬಟ್ಟೆಗೆ ಇನ್ನೂರು ರೂಪಾಯಿ ಇರಬೇಕು. ಅಂಗಡಿಯದು ನಾಲ್ಕು ಸಾವಿರ ಹೇಳುತ್ತಾರೆ, ನನ್ನದು ಅದಕ್ಕಿಂತ ಕಡಿಮೆ ಏನಿಲ್ಲ. ಮೈಕ್ ನೆಲದಿಂದ ಎಷ್ಟು ಎತ್ತರ, ಯಾವ ಕಡೆ ಮುಖ, ಅದರ ಹಿಂದೆ ಏನು ಇಟ್ಟಿದ್ದೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಲಿಯಲು ನನಗೆ ಒಂದಿಡೀ ಚಳಿಗಾಲ ಹಿಡಿದಿದೆ.

ಟೇಕ್ ಸಿಕ್ಕ ಖುಷಿಯಲ್ಲಿ ಲ್ಯಾಮಿಂಗ್ಟನ್ ರೋಡಿನಿಂದ ತಂದಿದ್ದ ಇಪ್ಪತ್ತು ರೂಪಾಯಿಯ ಪೀಜೊ ಬಿಲ್ಲೆಯನ್ನು (ಅಂಟಿದ ವಸ್ತುವಿನ ಕಂಪನವನ್ನೇ ಸದ್ದಾಗಿ ಹಿಡಿಯುವ ಮೈಕ್) ಕಾಂಡಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದೆ. ಒಳಗೆ ಹಳೇ ಬಾಗಿಲು ತೆರೆದಂಥ ಕಿರ್ರ್ ಸದ್ದು, ಇರುವೆ ನಡೆದರೂ ಟಕ್ ಟಕ್. ನಾಟಕಕ್ಕೆ ಬೇಡವಾಗಿತ್ತು, ಆದರೂ ಇಟ್ಟುಕೊಂಡಿದ್ದೇನೆ. ಕೆಳಗೆ ಬಿದ್ದಿದ್ದ ಒಂದು ಕೊಂಬೆ ತಂದು ಮನೆಯಲ್ಲಿ ಟೇಬಲ್ ಫ್ಯಾನ್ ಮುಂದೆ ಹಿಡಿದು ನೋಡಿದೆ. ಫ್ಯಾನಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಕಸ ಗುಡಿಸುತ್ತಾ ಹೆಂಡತಿ ಬೈದದ್ದು ಮಾತ್ರ ಚೆನ್ನಾಗಿ ರೆಕಾರ್ಡ್ ಆಗಿದೆ.

ಎಲ್ಲ ಸೇರಿ ಒಂಬತ್ತು ಹತ್ತು ಸಾವಿರ ಹೋಗಿದೆ. ತಂಡ ಕೊಟ್ಟದ್ದು ಎರಡು ಸಾವಿರ. ಫೈಲ್ ಕೇಳಿಸಿದಾಗ ನಿರ್ದೇಶಕರು ಹೆಡ್‌ಫೋನ್ ತೆಗೆಯದೆ ಪೂರ್ತಿ ಕೇಳಿ, "ಇನ್ನೊಂದ್ಸಲ ಹಾಕು" ಎಂದರು.

ಮುಂದಿನ ಚಳಿಗಾಲಕ್ಕೆ ಗೋವಾದ ಗಾಲ್ಜಿಬಾಗ್ ಕಣ್ಣಲ್ಲಿದೆ. ಅಲ್ಲಿಯ ತೋಪು ಇನ್ನೂ ಶಾಂತ, ಕಾರವಾರಕ್ಕೂ ಹತ್ತಿರ. ಆದರೆ ಚಳಿಗಾಲ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡುವ ಕಾಲ, ಅರಣ್ಯ ಇಲಾಖೆಯವರು ಗೂಡುಗಳಿಗೆ ಬೇಲಿ ಕಟ್ಟಿರುತ್ತಾರೆ. ಮರಳಿನ ಕಡೆಗೆ ಹೋಗದೆ ತೋಪಿನ ಹಿಂದಿನಿಂದಲೇ ಕೆಲಸ ಮುಗಿಸಬೇಕು. ಉಬ್ಬರ ಇಳಿತವೂ ಅಲ್ಲಿ ಮುಂಬೈಯಷ್ಟಿಲ್ಲ, ಎರಡು ಮೀಟರಿನ ಆಸುಪಾಸು. ದ್ವಾದಶಿ ಅಲ್ಲಿ ಸಾಲದೆಯೂ ಹೋಗಬಹುದು.

ಕೇಳವೆಯ ಫೈಲ್ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿದೆ. ಹವ್ಯಾಸಿ ತಂಡಗಳಿಗೆ ಐನೂರು, ಉಳಿದವರಿಗೆ ಸಾವಿರದೈನೂರು. ನಕ್ಕವರಿಗೆ ರಿಯಾಯಿತಿ ಇಲ್ಲ.