ರಾತ್ರಿ ಹೊಟ್ಟೆನೋವು ಬಂದರೆ: ತೋಟದಿಂದ ಆಪರೇಷನ್ ಕೋಣೆವರೆಗೆ

ಕಾಫಿ ಕುಯ್ಲಿನ ಸಮಯ. ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ರಾತ್ರಿ ಊಟವಾದ ಮೇಲೆ ಮಗನಿಗೆ ಹೊಕ್ಕುಳ ಸುತ್ತ ನೋವು ಶುರುವಾಯಿತು. ಗ್ಯಾಸ್ ಇರಬೇಕೆಂದು ಶುಂಠಿ ಕಷಾಯ ಕುಡಿಸಿದೆ. ಬೆಳಗಿನ ಜಾವಕ್ಕೆ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ಜೀಪು ಗುಂಡಿಗೆ ಇಳಿದಾಗಲೆಲ್ಲ ಮುದುಡಿಕೊಳ್ಳುತ್ತಿದ್ದ. ಕುಲುಕಿದರೆ ಹೆಚ್ಚುವ ನೋವನ್ನು ಡಾಕ್ಟರಿಗೆ ಹೇಳಲೇಬೇಕು, ಹೊಟ್ಟೆಯ ಒಳಪೊರೆ ಕೆರಳಿದ್ದರೆ ಹಾಗಾಗುತ್ತದೆ.

ನೋವು ಬಿಡದೆ ಏರುತ್ತಿದ್ದರೆ ಕಷಾಯ, ಹರಳೆಣ್ಣೆ, ಊಟ ಯಾವುದೂ ಬೇಡ. ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇದ್ದಷ್ಟು ಒಳ್ಳೆಯದು. ನೋವು ಶುರುವಾದ ಹೊತ್ತು, ಕೊನೆಗೆ ತಿಂದದ್ದು, ನುಂಗಿದ ಮಾತ್ರೆ ಬರೆದಿಟ್ಟುಕೊಂಡು ಹೊರಡಿ. ಆಸ್ಪತ್ರೆಯಲ್ಲಿ ನೋವಿನ ಇಂಜೆಕ್ಷನ್ ಕೊಟ್ಟರೆ ರೋಗ ಮರೆಯಾಗುತ್ತದೆಂಬ ಹೆದರಿಕೆ ಬೇಡ. ಹೆಣ್ಣುಮಕ್ಕಳಿಗೆ ಒಂದು ಬದಿಯಲ್ಲಿ ತಟ್ಟನೆ ನೋವು, ವಾಂತಿ ಬಂದರೆ ಬೆಳಗಾಗಲಿ ಎಂದು ಕಾಯಲೇಬೇಡಿ. ಅಂಡಾಶಯ ತಿರುಚಿಕೊಂಡಿದ್ದರೆ ಬೇಗ ಬಿಡಿಸಿದಷ್ಟೂ ಅದು ಉಳಿಯುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ ಸರಿಯಾಗಿ ಕಾಣಲಿಲ್ಲ. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗೆ ನೋಡುವ ಲ್ಯಾಪರೋಸ್ಕೋಪಿ ಮಾಡೋಣ ಎಂದರು ಡಾಕ್ಟರು. ಸಹಿ ಹಾಕುವ ಮೊದಲು ನಾನು ಕೇಳಿದ್ದು ಎರಡೇ: ‘ಅಪೆಂಡಿಕ್ಸ್ ಚೆನ್ನಾಗಿದ್ದರೆ ಮುಂದೆ ಏನು ನೋಡ್ತೀರಿ? ಹೊಟ್ಟೆ ತೆರೆಯಬೇಕಾಗಿ ಬಂದರೆ ಯಾಕೆ?’ ನೀವೂ ಕೇಳಿ. ಇಂಥ ನೋವಿಗೆಲ್ಲ ಆಪರೇಷನ್ನೇ ಬೇಕೆಂದಿಲ್ಲ. ದೊಡ್ಡ ಕರುಳಿಗೆ ಅಂಟಿದ ಕೊಬ್ಬಿನ ತುಣುಕು ಊದಿಕೊಂಡರೂ ಹೀಗೇ ನೋಯುತ್ತದೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಗೊತ್ತಾದರೆ ಸಾಮಾನ್ಯವಾಗಿ ಮಾತ್ರೆಯಲ್ಲೇ ವಾಸಿ.

ಹೊಕ್ಕುಳಲ್ಲಿ ಕ್ಯಾಮೆರಾ, ಕೆಳಗೆ ಎರಡು ಸಣ್ಣ ತೂತು. ಅಪೆಂಡಿಕ್ಸ್ ಆರೋಗ್ಯವಾಗಿತ್ತು. ಡಾಕ್ಟರು ಅಲ್ಲಿಗೇ ನಿಲ್ಲಿಸದೆ ಸಣ್ಣ ಕರುಳನ್ನು ಅದರ ತುದಿಯಿಂದ ಹಿಂದಕ್ಕೆ ಗೇಣುಗೇಣಾಗಿ ನೋಡುತ್ತ ಹೋದರು. ಸುಮಾರು ಎರಡಡಿ ದೂರದಲ್ಲಿ ಕೆಂಪಾಗಿ ಊದಿದ ಒಂದು ಚೀಲ. ಮೆಕೆಲ್ ಚೀಲ ಅಂತ ಹೆಸರು. ಮಗು ಗರ್ಭದಲ್ಲಿದ್ದಾಗ ಕರುಳಿಗೂ ಹೊಕ್ಕುಳಿಗೂ ಇರುವ ನಾಳ ಪೂರ್ತಿ ಕರಗದೆ ಉಳಿದದ್ದು. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ, ಹೆಚ್ಚಿನವರಿಗೆ ತೊಂದರೆಯೇ ಕೊಡುವುದಿಲ್ಲ. ಹೊಕ್ಕುಳ ಗಾಯವನ್ನೇ ಸ್ವಲ್ಪ ಹಿಗ್ಗಿಸಿ, ಆ ಭಾಗವನ್ನು ಹೊರತಂದು, ಚೀಲ ಕತ್ತರಿಸಿ, ಕರುಳು ಹೊಲಿದು ಒಳಗೆ ಬಿಟ್ಟರು.

ಎಚ್ಚರವಾದ ಮೇಲೆ ಅವನು ಹೊಟ್ಟೆಗಿಂತ ಹೆಚ್ಚಾಗಿ ಭುಜ ನೋಯುತ್ತದೆಂದ. ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್‌ನಿಂದ ಹಾಗಾಗುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಿಡಿದುಕೊಂಡು ನಡೆಸಿ. ಆದರೆ ಜ್ವರ, ನಿಲ್ಲದ ವಾಂತಿ, ಹೊಟ್ಟೆ ಉಬ್ಬರ, ಗಾಯದಿಂದ ಕೀವು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವಾಪಸ್ ಕರೆದುಕೊಂಡು ಹೋಗಿ. ಕಣದಲ್ಲಿ ಕಾಫಿ ಮೂಟೆ ಎತ್ತುವುದು ಡಾಕ್ಟರು ಒಪ್ಪಿದ ಮೇಲೆ ಮಾತ್ರ.