ಮುಳ್ಳು ನೋಡಿ ಜೆಟ್ ಬದಲಿಸೋಕೆ ಮುಂಚೆ

ಕಾರ್ಬುರೇಟರ್ ಇರೋ ಹಳೇ ಕಾರಿಗೆ ಏರ್-ಫ್ಯೂಯಲ್ ಗೇಜ್ (ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಎಷ್ಟು ಪಾಲು ಗಾಳಿ ಅಂತ ತೋರಿಸೋ ಮೀಟರ್) ಹಾಕಿಸಿದ ಮೊದಲ ವಾರ ಗಾಡಿ ಮುಂಚೆಗಿಂತ ಕೆಟ್ಟದಾಗಿ ಓಡೋದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಕಣ್ಣೆದುರು ನಂಬರ್ ಬಂತಲ್ಲ, ಕೈ ಸುಮ್ನಿರಲ್ಲ. ಹಗುರವಾಗಿ ಹೋಗ್ತಿರುವಾಗ 16 ತೋರಿಸ್ತು, ಅಂದ್ರೆ ಪೆಟ್ರೋಲ್ ಕಮ್ಮಿ ಅಂತ ಮೇನ್ ಜೆಟ್ (ಪೆಟ್ರೋಲ್ ಅಳೆದು ಬಿಡೋ ತೂತಿನ ಬಿಡಿಭಾಗ) ಎರಡು ಸೈಜ್ ದೊಡ್ಡದು ಹಾಕ್ತಾರೆ, 16 ಹಾಗೇ ಇರುತ್ತೆ, ಇನ್ನೆರಡು ಸೈಜ್ ಏರಿಸ್ತಾರೆ, ಆಮೇಲೆ ಫುಲ್ ಒತ್ತಿದ್ರೆ 10.5, ಪ್ಲಗ್ ಎಲ್ಲಾ ಕಾಡಿಗೆ, ಮೊದಲಿದ್ದ ಜರ್ಕ್ ಮಾತ್ರ ಇದ್ದಲ್ಲೇ ಇದೆ. ತಪ್ಪು ಗೇಜ್‌ದಲ್ಲ. ಹಗುರವಾಗಿ ಹೋಗೋ ಹೊತ್ತಲ್ಲಿ ಪೆಟ್ರೋಲ್ ಮೇನ್ ಜೆಟ್‌ನಿಂದ ಬರ್ತಾನೇ ಇರ್ಲಿಲ್ಲ.

ಮೊದಲು ಗೇಜ್ ವಿಷಯ ಮುಗಿಸಿಬಿಡೋಣ. ವೈಡ್‌ಬ್ಯಾಂಡ್ (ನಂಬರ್ ಎಷ್ಟಿದೆ ಅಂತ ನಿಖರವಾಗಿ ತೋರಿಸೋದು) ತಗೊಳ್ಳಿ, ಬೇರೆ ಯೋಚನೆನೇ ಬೇಡ. ಬಣ್ಣಬಣ್ಣದ ಲೈಟ್ ಕುಣಿಯೋ ನ್ಯಾರೋಬ್ಯಾಂಡ್ ಗೇಜ್ ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಅದಕ್ಕೆ ಗೊತ್ತಿರೋದು ಗಾಳಿ-ಪೆಟ್ರೋಲ್ ಸರಿಹೊಂದೋ 14.7ರ ಆಚೆನಾ ಈಚೆನಾ ಅಷ್ಟೇ, 12.5ಕ್ಕೂ 11ಕ್ಕೂ ವ್ಯತ್ಯಾಸ ಹೇಳೋಕೆ ಅದರ ಕೈಲಿ ಆಗಲ್ಲ. ಬಾಷ್ ಎಲ್‌ಎಸ್‌ಯು 4.9 ಸೆನ್ಸರ್ ಇರೋ ಕಿಟ್ ಆದ್ರೆ ಸಾಕು, ಆದ್ರೆ ಹೆಸರಿಲ್ಲದ ನಕಲಿ ಸೆನ್ಸರ್ ಜತೆ ಬರೋ ಕಿಟ್ ಮಾತ್ರ ಬೇಡ. ಎಕ್ಸಾಸ್ಟ್ ಪೈಪ್‌ಗಳು ಒಂದಾದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರ್ ಇದ್ರೆ ಅದಕ್ಕಿಂತ ಮುಂಚೆ ಬಂಗ್ (ಸೆನ್ಸರ್ ತಿರುಗಿಸಿ ಕೂರಿಸೋ ಬಳೆ) ವೆಲ್ಡ್ ಮಾಡಿಸಿ, ಗಡಿಯಾರದಲ್ಲಿ 10ಕ್ಕೂ 2ಕ್ಕೂ ನಡುವೆ ಇರೋ ಹಾಗೆ, ಇಲ್ಲಾಂದ್ರೆ ಪೈಪ್‌ನಲ್ಲಿ ನಿಂತ ನೀರು ಬಿಸಿ ಸೆನ್ಸರ್ ಮೇಲೆ ಬಿದ್ದು ಒಡೆಯುತ್ತೆ. ಸೈಲೆನ್ಸರ್ ತುದಿಗೆ ಕ್ಲಿಪ್ ಹಾಕಿ ನೋಡೋ ಶಾರ್ಟ್‌ಕಟ್ ಐಡಲ್‌ನಲ್ಲಿ (ಕಾಲಿಡದೆ ಇಂಜಿನ್ ಸುಮ್ನೆ ಓಡ್ತಿರುವಾಗ) ನಂಬೋಕಾಗಲ್ಲ, ಹೊರಗಿನ ಗಾಳಿ ಒಳಗೆ ಬಂದು ಎಲ್ಲಾ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಕಾಣುತ್ತೆ.

ಇನ್ನೊಂದು, ಗೇಜ್ ಪೆಟ್ರೋಲ್ ಅಳೆಯಲ್ಲ. ಹೊಗೆಯಲ್ಲಿ ಉಳಿದಿರೋ ಆಮ್ಲಜನಕ ನೋಡಿ ಲೆಕ್ಕ ಹಾಕುತ್ತೆ. ಒಂದು ಸಿಲಿಂಡರ್ ಮಿಸ್ ಹೊಡೀತಿದ್ರೆ ಅಲ್ಲಿನ ಆಮ್ಲಜನಕ ಉರಿಯದೆ ಹಾಗೇ ಹೊರಗೆ ಬರುತ್ತೆ, ಪ್ಲಗ್ ಪೆಟ್ರೋಲಲ್ಲಿ ನೆನೆದಿದ್ರೂ ಗೇಜ್ ಲೀನ್ ಅನ್ನುತ್ತೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಇದ್ರೂ ಅದೇ ಕಥೆ. ನಾನೇ ಒಂದ್ಸಲ ಐಡಲ್‌ನಲ್ಲಿ 15.8 ಬರ್ತಿದೆ ಅಂತ ಎರಡು ಭಾನುವಾರ ಜೆಟ್ ಬದಲಿಸ್ತಾ ಕೂತಿದ್ದೆ, ಕೊನೆಗೆ ತಣ್ಣಗಿರೋ ಇಂಜಿನ್‌ಗೆ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದೋ ಕಡೆಯಿಂದ ಸೈಲೆನ್ಸರ್‌ಗೆ ಗಾಳಿ ಬಿಟ್ಟು ಸೋಪಿನ ನೀರು ಚಿಮುಕಿಸಿದೆ, ಮೂರನೇ ಪೋರ್ಟ್ ಹತ್ರ ಬಟಾಣಿ ಗಾತ್ರದ ಗುಳ್ಳೆ ಒಂದರ ಹಿಂದೊಂದು ಎದ್ದವು. ಗ್ಯಾಸ್ಕೆಟ್ ಬದಲಿಸಿದೆ, ಹಳೇ ಜೆಟ್ ವಾಪಸ್ ಹಾಕಿದೆ, 13.6.

ಹಾಗಾಗಿ ಪ್ಲಗ್, ಟೈಮಿಂಗ್, ವಾಲ್ವ್ ಕ್ಲಿಯರೆನ್ಸ್, ವ್ಯಾಕ್ಯೂಮ್ ಲೀಕ್, ಫ್ಯೂಯಲ್ ಪ್ರೆಶರ್, ಇವೆಲ್ಲ ಮೊದಲು. ಫ್ಲೋಟ್ ಲೆವೆಲ್ (ಕಾರ್ಬ್ ಒಳಗೆ ಪೆಟ್ರೋಲ್ ನಿಲ್ಲೋ ಮಟ್ಟ) ಕೂಡ ಮೊದಲೇ, ಅದು ಬದಲಾದ್ರೆ ಕಾರ್ಬ್‌ನ ಎಲ್ಲಾ ಸರ್ಕ್ಯೂಟ್ ಬದಲಾಗುತ್ತೆ, ಆಮೇಲೆ ಸರಿ ಮಾಡಿದ್ರೆ ಮಾಡಿದ ಕೆಲಸ ಎಲ್ಲಾ ನೀರಲ್ಲಿ ಹೋಮ. ಇಂಜಿನ್ ಪೂರ್ತಿ ಬಿಸಿಯಾಗಿ ಚೋಕ್ ತೆರೆದಿರಬೇಕು, ಇದನ್ನ ಬೇರೆ ಹೇಳಬೇಕಾಗಿಲ್ಲ ಅಂದ್ಕೋತೀನಿ.

ಎಷ್ಟು ಬರಬೇಕು ಅಂತ ಎಲ್ಲರೂ ಕೇಳ್ತಾರೆ. ಐಡಲ್ 13ರಿಂದ 14, ಹಗುರವಾಗಿ ಸಮ ಸ್ಪೀಡಲ್ಲಿ ಹೋಗುವಾಗ 14ರಿಂದ 15, ಪೂರ್ತಿ ಒತ್ತಿದಾಗ 12.5ರಿಂದ 13. ಪೆಟ್ರೋಲಲ್ಲಿ ಎಥನಾಲ್ ಬೆರೆಸಿರುತ್ತೆ, ಹಾಗಾದ್ರೆ ಲೆಕ್ಕ ಬೇರೆ ಅಲ್ವಾ ಅಂತ ತಲೆ ಕೆಡಿಸ್ಕೊಳ್ಳೋರಿದ್ದಾರೆ. ನಿಜವಾದ ಅನುಪಾತ ಬೇರೆನೇ, 10 ಪರ್ಸೆಂಟ್ ಎಥನಾಲ್‌ಗೆ ಅದು ಸುಮಾರು 14.1, ಆದ್ರೆ ಗೇಜ್ ಒಳಗೆ ಅಳೆಯೋದು ಲ್ಯಾಂಬ್ಡಾ (ಸರಿಹೊಂದೋ ಅನುಪಾತಕ್ಕೆ 1 ಅನ್ನೋ ಅಳತೆ), ಅದನ್ನ 14.7ರಿಂದ ಗುಣಿಸಿ ತೋರಿಸುತ್ತೆ ಅಷ್ಟೇ. ಸೆಟ್ಟಿಂಗ್ ಪೆಟ್ರೋಲಲ್ಲೇ ಬಿಡಿ, ಮೇಲಿನ ನಂಬರ್‌ಗಳೇ ನಡೆಯುತ್ತೆ.

ಈಗ ಐಡಲ್. ಇಲ್ಲಿ ಏರ್-ಫ್ಯೂಯಲ್ ಗೇಜ್‌ಗಿಂತ ವ್ಯಾಕ್ಯೂಮ್ ಗೇಜ್ (ಇಂಜಿನ್ ಗಾಳಿ ಎಳೆಯೋ ಸೆಳೆತ ಅಳೆಯೋದು) ಮಾತು ಕೇಳಿ. ಮಿಕ್ಸ್‌ಚರ್ ಸ್ಕ್ರೂನ ಕಾಲು ಸುತ್ತು, ಕಾಲು ಸುತ್ತು ತಿರುಗಿಸ್ತಾ ವ್ಯಾಕ್ಯೂಮ್ ಅತಿ ಹೆಚ್ಚು ಎಲ್ಲಿ ಬರುತ್ತೋ ಅಲ್ಲಿ ನಿಲ್ಲಿಸಿ, ಆಗ ಬಂದ ನಂಬರ್ ಬರ್ಕೊಳ್ಳಿ. ರೇಸ್ ಕ್ಯಾಮ್ ಹಾಕಿರೋ ಇಂಜಿನ್‌ನಲ್ಲಿ ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋ ಹೊತ್ತು ಜಾಸ್ತಿ, ಹೊಸ ಗಾಳಿ ನೇರ ಎಕ್ಸಾಸ್ಟ್‌ಗೆ ಹೋಗುತ್ತೆ, ಅಲ್ಲಿ 14.7 ಹುಡುಕೋಕೆ ಹೋಗಬೇಡಿ. ಹೆಚ್ಚಿನ ಕಾರ್ಬ್‌ಗಳಲ್ಲಿ ಸ್ಕ್ರೂ ಹೊರಗೆ ತಿರುಗಿಸಿದ್ರೆ ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ. ಆದ್ರೆ ಸ್ಕ್ರೂ ಥ್ರಾಟಲ್ ತಟ್ಟೆಗಿಂತ (ಆಕ್ಸಿಲರೇಟರ್ ಒತ್ತಿದಾಗ ತೆರೆಯೋ ತಟ್ಟೆ) ಏರ್ ಫಿಲ್ಟರ್ ಕಡೆ ಇದ್ರೆ ಅದು ಏರ್ ಸ್ಕ್ರೂ, ಉಲ್ಟಾ.

ಜನ ಎಡವೋ ಜಾಗ ಇದರ ಮುಂದಿನದು, ಐಡಲ್‌ನಿಂದ ಮೇನ್‌ಗೆ ದಾಟೋ ನಡುವಿನ ದಾರಿ. ಥ್ರಾಟಲ್ ತಟ್ಟೆಯ ಅಂಚಿಗೆ ಸ್ವಲ್ಪ ಮೇಲೆ ಎರಡು ಮೂರು ಸಣ್ಣ ತೂತು ಇರುತ್ತೆ, ಕೆಲವದ್ರಲ್ಲಿ ಉದ್ದ ಸೀಳು. ಕಾಲು ಸ್ವಲ್ಪ ಇಟ್ಟಾಗ ತಟ್ಟೆ ಎದ್ದು ಈ ತೂತುಗಳು ಒಂದೊಂದಾಗಿ ಬಯಲಾಗುತ್ತೆ, ಅದರಿಂದ ಬರೋದು ಐಡಲ್ ಜೆಟ್‌ನ ಪೆಟ್ರೋಲ್. ಎಷ್ಟೋ ಕಾರುಗಳು ಸಮತಟ್ಟು ರಸ್ತೆಯಲ್ಲಿ 50-60 ಸ್ಪೀಡಲ್ಲಿ ಪೂರ್ತಿ ಇದರ ಮೇಲೇ ಓಡ್ತಾ ಇರುತ್ತೆ. ವೆಂಚುರಿಯಲ್ಲಿ (ಕಾರ್ಬ್‌ನ ಕಿರಿದಾದ ಗಂಟಲು) ಗಾಳಿ ಜೋರಾಗಿ ಹೋದ ಮೇಲೇನೇ ಮೇನ್ ಶುರುವಾಗೋದು. ಅಂದ್ರೆ ಆ ಹಗುರ ಓಟದಲ್ಲಿ 16 ಬಂದ್ರೆ ದೊಡ್ಡದು ಮಾಡಬೇಕಾದ್ದು ಐಡಲ್ ಜೆಟ್, ಆಮೇಲೆ ಐಡಲ್ ರಿಚ್ ಆಗುತ್ತಲ್ಲ, ಅದಕ್ಕೆ ಮಿಕ್ಸ್‌ಚರ್ ಸ್ಕ್ರೂ ಒಳಗೆ ತಿರುಗಿಸಿ ಸರಿ ಮಾಡ್ಕೊಳ್ಳೋದು.

ನಿಮ್ಮ ಗಾಡಿಯಲ್ಲಿ ಮೇನ್ ಯಾವಾಗ ಶುರು ಆಗುತ್ತೆ ಅಂತ ಕಣ್ಣಾರೆ ನೋಡಬಹುದು. ಏರ್ ಫಿಲ್ಟರ್ ಬಿಚ್ಚಿ, ಟಾರ್ಚ್ ಬಿಟ್ಟು, ಮೊಬೈಲ್ ಕ್ಯಾಮೆರಾ ಪಕ್ಕದಿಂದ ಹಿಡಿದು (ಮುಖ ಮೇಲೆ ಬಗ್ಗಿಸಬೇಡಿ, ಬ್ಯಾಕ್‌ಫೈರ್ ಆದ್ರೆ ಹುಬ್ಬು ಹೋಗುತ್ತೆ) ನಿಧಾನಕ್ಕೆ ರೇಸ್ ಮಾಡಿ. ನಡುವಿನ ನಾಝಲ್‌ನಿಂದ ಪೆಟ್ರೋಲ್ ಮೊದಲು ಹನಿಹನಿಯಾಗಿ ತೊಟ್ಟಿಕ್ಕಿ ಆಮೇಲೆ ತೆಳು ಮಂಜಿನ ಹಾಗೆ ಹಾರೋಕೆ ಶುರುವಾಗುತ್ತಲ್ಲ, ಆ ಆರ್‌ಪಿಎಂ ಬರೆದಿಡಿ. ರಸ್ತೆಯಲ್ಲಿ ಲೋಡ್ ಇರೋದ್ರಿಂದ ಅದಕ್ಕಿಂತ ಕಮ್ಮಿ ಆರ್‌ಪಿಎಂನಲ್ಲೇ ಶುರು ಆಗುತ್ತೆ, ಆದ್ರೂ ಅಂದಾಜು ಸಿಕ್ತು. ಅನುಮಾನ ಇನ್ನೂ ಇದ್ರೆ ಒಂದೇ ಒಂದು ಜೆಟ್ ಬದಲಿಸಿ ಅದೇ ರಸ್ತೆಯಲ್ಲಿ ಅದೇ ಗೇರಲ್ಲಿ ಅದೇ ಸ್ಪೀಡಲ್ಲಿ ಹೋಗಿ ಬನ್ನಿ. ಮೇನ್ ಎರಡು ಸೈಜ್ ಬದಲಿಸಿದ್ರೂ ಮುಳ್ಳು ಅಲ್ಲಾಡ್ಲಿಲ್ಲ ಅಂದ್ರೆ ಅಲ್ಲಿ ಮೇನ್‌ಗೆ ಕೆಲಸ ಇಲ್ಲ. ಎರಡು ಜೆಟ್ ಒಟ್ಟಿಗೆ ಬದಲಿಸಿದ್ರೆ ಏನೂ ಗೊತ್ತಾಗಲ್ಲ, ಟೈಮ್ ಉಳಿಸೋಕೆ ಹೋಗಿ ದಿನ ಕಳ್ಕೋತೀರ.

ಇದೇ ಜಾಗದಲ್ಲಿ ಇನ್ನೊಂದು ಹಳ್ಳ ಇದೆ. ಐಡಲ್‌ನಲ್ಲಿ ಇಂಜಿನ್ ಆಫ್ ಆಗ್ತಿದೆ ಅಂತ ಐಡಲ್ ಸ್ಪೀಡ್ ಸ್ಕ್ರೂನ ಯಾರೋ ಸುತ್ತಿ ಸುತ್ತಿ ತಟ್ಟೆ ಮೊದಲೇ ತೆರೆದಿಟ್ಟಿರ್ತಾರೆ. ಆ ತೂತುಗಳು ಐಡಲ್‌ನಲ್ಲೇ ಬಯಲಾಗಿರುತ್ತೆ, ಮಿಕ್ಸ್‌ಚರ್ ಸ್ಕ್ರೂ ಪೂರ್ತಿ ಮುಚ್ಚಿದ್ರೂ ಇಂಜಿನ್ ಓಡ್ತಾನೇ ಇರುತ್ತೆ, ಕಾಲಿಟ್ಟ ತಕ್ಷಣ ಬಿಕ್ಕಳಿಸುತ್ತೆ. ಸ್ಕ್ರೂ ಮುಚ್ಚಿದಾಗ ಇಂಜಿನ್ ಆಫ್ ಆಗಬೇಕು, ಆಗ್ಲಿಲ್ಲ ಅಂದ್ರೆ ಜೆಟ್ ಡಬ್ಬ ಮುಟ್ಟಬೇಡಿ, ಸ್ಪೀಡ್ ಸ್ಕ್ರೂ ಹಿಂದಕ್ಕೆ ತಂದು, ಐಡಲ್‌ನಲ್ಲಿ ಟೈಮಿಂಗ್ ತೀರಾ ಹಿಂದಿದೆಯಾ ನೋಡಿ.

ವೆಬರ್ ಡಿಸಿಒಇ ಕಾರ್ಬ್ ಇಟ್ಕೊಂಡಿರೋರಿಗೆ ಒಂದು ಮಾತು. ಐಡಲ್ ಜೆಟ್ ಮೇಲೆ 50ಎಫ್9 ಅಂತ ಇದ್ರೆ 50 ಅನ್ನೋದು ಪೆಟ್ರೋಲ್ ತೂತು, 0.50 ಮಿಲಿಮೀಟರ್. ಎಫ್ ನಂಬರ್ ಗಾಳಿ ತೂತಿನ ಗುರುತು, ಆದ್ರೆ ಅದು ಕ್ರಮವಾಗಿಲ್ಲ, ದೊಡ್ಡ ನಂಬರ್ ಅಂದ್ರೆ ಲೀನ್ ಅಂತ ಊಹೆ ಮಾಡಿದ್ರೆ ಕೆಟ್ಟಿರಿ, ಪಟ್ಟಿ ನೋಡಿನೇ ತಗೊಳ್ಳಿ. ಡ್ರಿಲ್ ಬಿಟ್ ಹಾಕಿ ಜೆಟ್ ದೊಡ್ಡದು ಮಾಡೋರನ್ನ ನೋಡಿದ್ರೆ ನಂಗೆ ಮೈ ಉರಿಯುತ್ತೆ. ತೂತಿನ ಬಾಯಿ ಕೆಟ್ಟ ಮೇಲೆ ಅದರ ಮೇಲಿರೋ ನಂಬರ್‌ಗೆ ಅರ್ಥ ಇರಲ್ಲ.

ಫುಲ್ ಥ್ರಾಟಲ್ ಇದಕ್ಕಿಂತ ಸುಲಭ. ಮೂರನೇ ಗೇರ್, ಖಾಲಿ ರಸ್ತೆ, 2000ದಿಂದ ಮೇಲಕ್ಕೆ ಪೂರ್ತಿ ಒತ್ತಿ, ಗೇಜ್ ನೋಡೋ ಕೆಲಸ ಪಕ್ಕದಲ್ಲಿ ಕೂತೋರಿಗೆ ಕೊಡಿ, ಇಲ್ಲಾ ವಿಡಿಯೋ ಮಾಡಿ. ಉದ್ದಕ್ಕೂ ಲೀನ್ ಇದ್ರೆ ಮೇನ್ ದೊಡ್ಡದು, ಉದ್ದಕ್ಕೂ ರಿಚ್ ಇದ್ರೆ ಚಿಕ್ಕದು. ಕೆಳಗೆ 12.8 ಇದ್ದು ಮೇಲಕ್ಕೆ ಹೋಗ್ತಾ 11.5ಕ್ಕೆ ಇಳಿದ್ರೆ ಏರ್ ಕರೆಕ್ಟರ್ (ಮೇನ್‌ನ ಪೆಟ್ರೋಲಿಗೆ ಗಾಳಿ ಬೆರೆಸೋ ಜೆಟ್) ದೊಡ್ಡದು ಮಾಡಿ. 14 ದಾಟಿದ್ರೆ ತಕ್ಷಣ ಕಾಲು ತೆಗೀರಿ, ಪಿಸ್ಟನ್ ತೂತು ಬೀಳೋದು ಇಂಥ ಕಡೆನೇ.

ಪಂಪ್ ಜೆಟ್ (ಕಾಲು ಒತ್ತಿದ ಕ್ಷಣ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸೋದು) ಕೊನೆಗೆ. ಮೊದಲೇ ಅದನ್ನ ದೊಡ್ಡದು ಮಾಡಿ ನಡುವಿನ ದಾರಿಯ ಲೀನ್ ಮುಚ್ಚಿಹಾಕೋರೇ ಜಾಸ್ತಿ, ಆಗ ಪಿಕಪ್ ಸರಿ ಹೋದಂಗೆ ಅನ್ಸುತ್ತೆ, ನಿಧಾನಕ್ಕೆ ಕಾಲಿಟ್ರೆ ಅದೇ ಜರ್ಕ್. ಇಂಜಿನ್ ಆಫ್ ಮಾಡಿ, ಲಿಂಕ್ ಕೈಯಲ್ಲಿ ಅಲ್ಲಾಡಿಸಿ ನೋಡಿ, ತಟ್ಟೆ ಕದಲಿದ ಕ್ಷಣಕ್ಕೇ ಪೆಟ್ರೋಲ್ ಚಿಮ್ಮಬೇಕು, ತಡ ಆದ್ರೆ ಲಿವರ್ ಸಡಿಲ ತೆಗೀರಿ. ದಿಢೀರ್ ಒತ್ತಿದಾಗ ಮುಳ್ಳು ಒಂದು ಸಲ 17ಕ್ಕೆ ಹಾರಿ 11ಕ್ಕೆ ಬೀಳಬಹುದು. ಹೊಗೆ ಸೆನ್ಸರ್ ತನಕ ಬರೋಕೇ ಹೊತ್ತು ಬೇಕು, ಗೇಜ್ ತೋರಿಸ್ತಿರೋದು ಆಗ್ಲೇ ಮುಗಿದ ಕಥೆ, ಗಾಡಿ ತಡವರಿಸದೆ ಎಳೆದ್ರೆ ಆ ಹಾರಾಟ ಬಿಟ್ಬಿಡಿ.

ಎಲ್ಲಾ ಆದ ಮೇಲೆ ಗೇಜ್ ಬೇಡ ಅನ್ಸಿದ್ರೆ ಬರೀ ಕನೆಕ್ಷನ್ ಕಿತ್ತು ಸೆನ್ಸರ್ ಅಲ್ಲೇ ಬಿಡಬೇಡಿ, ಅದರೊಳಗಿನ ಹೀಟರ್ ಓಡದೆ ಹೊಗೆಯಲ್ಲಿ ಕೂತ್ರೆ ಮಸಿ ಹಿಡಿದು ಕೆಟ್ಟುಹೋಗುತ್ತೆ. ಬಿಚ್ಚಿ ತೆಗೆದು, ಬಂಗ್‌ಗೆ ಎಂ18 ಬೋಲ್ಟ್ ಹಾಕಿ ಮುಚ್ಚಿ.