ಮರಿಬೆಕ್ಕಿನ ತುರಿಕೆ: ಮುಲಾಮಿಗೆ ಮೊದಲು ಸೀರಣಿಗೆ

ಐದಾರು ತಿಂಗಳ ಬೆಕ್ಕು ಹಿಂಗಾಲೆತ್ತಿ ಕತ್ತು ಕೆರೆದುಕೊಂಡರೆ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಕಿವಿಯ ಹಿಂದೆ ಕೂದಲು ಉದುರಿ, ಚರ್ಮ ಕೆಂಪಗಾಗಿ, ರಸ ಒಸರಿ, ಹಕ್ಕಳೆ ಕಟ್ಟಿರುತ್ತದೆ. ಆಗ ಶುರುವಾಗುತ್ತದೆ ಮುಲಾಮಿನ ಹುಡುಕಾಟ. ಅಜ್ಜನ ಕಜ್ಜಿಗೆ ತಂದಿದ್ದ ಟ್ಯೂಬು, ಮಗುವಿನ ಮಂಡಿ ತರಚಿದಾಗ ತಂದಿದ್ದು, ಏನೂ ಸಿಗದಿದ್ದರೆ ಬೇವಿನ ಎಣ್ಣೆ. ಈ ಹುಡುಕಾಟವನ್ನು ನಿಲ್ಲಿಸುವುದೇ ಮೊದಲ ಹೆಜ್ಜೆ. ಬೆಕ್ಕು ಎಚ್ಚರವಿರುವ ಹೊತ್ತಿನ ದೊಡ್ಡ ಪಾಲನ್ನು ಮೈ ನೆಕ್ಕುವುದರಲ್ಲೇ ಕಳೆಯುತ್ತದೆ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಯಿತೆಂದೇ ಲೆಕ್ಕ. ಸಾಲದ್ದಕ್ಕೆ, ಮನುಷ್ಯರ ಮತ್ತು ನಾಯಿಗಳ ಯಕೃತ್ತು ಅರಗಿಸಿಕೊಳ್ಳುವ ಎಷ್ಟೋ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು.

ಹುಣ್ಣು ಮಾಡಿದ್ದು ಬೆಕ್ಕಿನ ಉಗುರು. ತುರಿಕೆ ತರಿಸಿದ್ದು ಯಾರು ಎಂಬುದನ್ನು ಪತ್ತೆ ಮಾಡಬೇಕು.

ಎಲ್ಲಿ ಕೆರೆಯುತ್ತಿದೆ, ನೋಡಿ

ಹಗಲು ಬೆಳಕಿನಲ್ಲಿ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂದಲನ್ನು ಬಿಡಿಸಿ ನೋಡಿ. ಬಾಲದ ಬುಡ, ಸೊಂಟ, ಕತ್ತಿನ ಸುತ್ತ ರಾಗಿಕಾಳಿನಷ್ಟು ಸಣ್ಣ ಹಕ್ಕಳೆಗಳು ಕೈಗೆ ಒರಟಾಗಿ ಸಿಕ್ಕರೆ ಮೊದಲ ಅನುಮಾನ ಚಿಗಟದ ಮೇಲೆ. ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಕೆಲವೇ ಕಡಿತಗಳು ಸಾಕು, ಮೈಯೆಲ್ಲ ಕೆರೆದುಕೊಳ್ಳುತ್ತದೆ. ಹಾಗಾಗಿ ‘ಒಂದೂ ಚಿಗಟ ಕಾಣಲಿಲ್ಲ’ ಎನ್ನುವುದು ಚಿಗಟ ಇಲ್ಲ ಎನ್ನುವುದಕ್ಕೆ ಸಾಕ್ಷಿಯಾಗದು.

ಕಿವಿಯ ಅಂಚಿನಲ್ಲಿ ಶುರುವಾಗಿ ಮುಖ, ಹಣೆ, ಕತ್ತಿಗೆ ಹರಡುವ ದಪ್ಪನೆಯ ಬೂದು ಹಕ್ಕಳೆ ಬೆಕ್ಕಿನ ಕಜ್ಜಿಯ ಗುರುತು. ಕಣ್ಣಿಗೆ ಕಾಣದ ನುಸಿಗಳು ಚರ್ಮದೊಳಗೆ ಕೊರೆದು ಇದನ್ನು ತರುತ್ತವೆ. ಬೀದಿಯಿಂದ ಬಂದ ಮರಿಗಳಲ್ಲಿ ಇದು ಸಾಮಾನ್ಯ. ತುರಿಕೆ ವಿಪರೀತವಿರುತ್ತದೆ, ಮೈಗಂಟಿಸಿಕೊಂಡು ಮಲಗುವವರ ತೋಳಿನಲ್ಲೂ ಕೆಲವು ದಿನ ಗುಳ್ಳೆ ಏಳಬಹುದು. ಕಿವಿಯೊಳಗೆ ಕಾಫಿ ಗಸಿಯಂಥ ಕಪ್ಪು ಪುಡಿ ತುಂಬಿದ್ದು, ಬೆಕ್ಕು ತಲೆ ಕೊಡವುತ್ತಲೇ ಇದ್ದರೆ ಅದು ಬೇರೊಂದು ಜಾತಿಯ ನುಸಿ, ಕಿವಿಯಲ್ಲಿ ನೆಲೆಸುವಂಥದ್ದು.

ದುಂಡಗೆ ಕೂದಲು ಉದುರಿ ಹೊಟ್ಟಿನಂಥ ಪುಡಿ ಕಂಡರೆ ಹುಳುಕಡ್ಡಿ ಇರಬಹುದು. ಹೆಸರಿನಲ್ಲಿ ಹುಳು ಇದ್ದರೂ ಅದು ಶಿಲೀಂಧ್ರ. ಇದರಲ್ಲಿ ತುರಿಕೆ ಕಡಿಮೆ ಅಥವಾ ಇಲ್ಲವೇ ಇಲ್ಲ, ಆದರೆ ಮನೆಯ ಮಕ್ಕಳಿಗೆ ಸುಲಭವಾಗಿ ಅಂಟುತ್ತದೆ. ಮೂಗಿನ ಮೇಲ್ಭಾಗದಲ್ಲಿ, ಕಿವಿಯ ತುದಿಯಲ್ಲಿ ಮಾತ್ರ ಗುಳ್ಳೆಗಳಿದ್ದರೆ ಸೊಳ್ಳೆ ಕಡಿತದ ಅಲರ್ಜಿಯೂ ಆಗಿರಬಹುದು. ಅಂಥ ಬೆಕ್ಕನ್ನು ಸಂಜೆಯಾದ ಮೇಲೆ ಹೊರಗೆ ಬಿಡದಿದ್ದರೆ ಅರ್ಧ ಕೆಲಸ ಮುಗಿಯಿತು.

ಒದ್ದೆ ಹತ್ತಿಯ ಪರೀಕ್ಷೆ

ಹೇನು ತೆಗೆಯುವ ಸೀರಣಿಗೆ ಇದ್ದರೆ ಹೊರತೆಗೆಯಿರಿ. ನೆಲಕ್ಕೆ ಬಿಳಿ ಕಾಗದ ಹಾಸಿ ಬೆಕ್ಕನ್ನು ಅದರ ಮೇಲೆ ನಿಲ್ಲಿಸಿ. ಕತ್ತಿನಿಂದ ಬಾಲದ ಬುಡದವರೆಗೆ, ಕೂದಲು ಬೆಳೆದ ದಿಕ್ಕಿನಲ್ಲೇ, ಚರ್ಮಕ್ಕೆ ತಾಗುವಂತೆ ನಿಧಾನವಾಗಿ ಬಾಚಿ. ಹುಣ್ಣಿನ ಮೇಲೆ ಮಾತ್ರ ಬಾಚಬೇಡಿ. ಹಲ್ಲುಗಳ ನಡುವೆ ಮತ್ತು ಕಾಗದದ ಮೇಲೆ ಕರಿಮೆಣಸಿನ ಪುಡಿಯಂಥ ಚೂರುಗಳು ಬಿದ್ದರೆ ಅವುಗಳನ್ನು ಒದ್ದೆ ಹತ್ತಿಯ ಮೇಲಿಟ್ಟು ಒಂದು ನಿಮಿಷ ಬಿಡಿ. ಬರಿಯ ಮಣ್ಣಾದರೆ ಹಾಗೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತ ಕೆಂಗಂದು ಬಣ್ಣ ಹರಡುತ್ತದೆ, ಏಕೆಂದರೆ ಅದು ಬೆಕ್ಕಿನದೇ ರಕ್ತ, ಚಿಗಟದ ಹೊಟ್ಟೆಯಿಂದ ಹೊರಬಂದದ್ದು. ಬಾಚಣಿಗೆಯಲ್ಲಿ ಜೀವಂತ ಚಿಗಟ ಸಿಕ್ಕರೆ ಸೋಪು ಕದಡಿದ ನೀರಿನ ಬಟ್ಟಲಿಗೆ ಅದ್ದಿ. ಬೆರಳಲ್ಲಿ ಹಿಸುಕಲು ಹೋದರೆ ಅದು ಹಾರಿಹೋಗುತ್ತದೆ.

ಇದೇ ಹೊತ್ತಿನಲ್ಲಿ ತುಟಿ ಎತ್ತಿ ಒಸಡು ನೋಡಿಬಿಡಿ. ನಸುಗೆಂಪಿನ ಬದಲು ಬಿಳಿಚಿಕೊಂಡಿದ್ದರೆ ಚಿಗಟಗಳು ಮರಿಯ ರಕ್ತವನ್ನು ಅಪಾಯದ ಮಟ್ಟಕ್ಕೆ ಹೀರಿರಬಹುದು. ಆಗ ನಾಳೆ ನೋಡೋಣ ಎನ್ನುವಂತಿಲ್ಲ, ಅಂದೇ ವೈದ್ಯರ ಬಳಿಗೆ ಒಯ್ಯಬೇಕು.

ಪಶು ವೈದ್ಯರಲ್ಲಿ ಏನು ಕೇಳಬೇಕು

ಬೆಕ್ಕನ್ನು ಕೈಯಲ್ಲಿ ಹಿಡಿದು ಸ್ಕೂಟರ್ ಏರಬೇಡಿ. ಮುಚ್ಚಳವಿರುವ ಬುಟ್ಟಿ ಅಥವಾ ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಒಳಗೆ ಅದರದೇ ಹಾಸು, ಅಷ್ಟಿದ್ದರೆ ಸಾಕು. ಹೋಗುವ ಮುನ್ನ ಏನನ್ನೂ ಹಚ್ಚಬೇಡಿ. ಎಣ್ಣೆ ಬಳಿದ ಚರ್ಮದಲ್ಲಿ ಪರೀಕ್ಷೆ ಸರಿಯಾಗಿ ನಡೆಯುವುದಿಲ್ಲ.

ಚರ್ಮವನ್ನು ಅಲಗಿನಿಂದ ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಜ್ಜಿಯ ನುಸಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ಈ ಪರೀಕ್ಷೆ ಮಾಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹುಳುಕಡ್ಡಿಯ ಅನುಮಾನವಿದ್ದರೆ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದು ನೋಡುತ್ತಾರೆ. ಕೂದಲು ಹಸಿರಾಗಿ ಹೊಳೆದರೆ ಅನುಮಾನ ಗಟ್ಟಿಯಾಗುತ್ತದೆ, ಹೊಳೆಯದಿದ್ದರೆ ರೋಗ ಇಲ್ಲವೆಂದು ಹೇಳುವಂತಿಲ್ಲ. ಕೂದಲನ್ನು ಕಲ್ಚರ್‌ಗೆ, ಎಂದರೆ ಶಿಲೀಂಧ್ರವನ್ನು ಬೆಳೆಸಿ ನೋಡುವ ಪರೀಕ್ಷೆಗೆ, ಕಳುಹಿಸಿದರೆ ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯಬಹುದು.

ಒಂದು ವಿಷಯದಲ್ಲಿ ನನಗೆ ಹಟವಿದೆ. ಪರೀಕ್ಷೆಯೇ ಇಲ್ಲದೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಬೆಕ್ಕು ಮರುದಿನವೇ ಕೆರೆಯುವುದನ್ನು ನಿಲ್ಲಿಸುತ್ತದೆ, ಮನೆಯವರೂ ಖುಷಿಯಾಗುತ್ತಾರೆ. ಆದರೆ ನುಸಿ ಅಲ್ಲೇ ಇರುತ್ತದೆ. ಶಿಲೀಂಧ್ರವಾಗಿದ್ದರಂತೂ ಇನ್ನಷ್ಟು ಹಬ್ಬುತ್ತದೆ. ಚುಚ್ಚುವ ಮೊದಲು ‘ಇದು ಏನಿರಬಹುದು ಡಾಕ್ಟ್ರೇ?’ ಎಂದು ಕೇಳಿ.

ಹನಿ ಔಷಧ ಹಾಕುವ ಬಗೆ

ಚಿಗಟಕ್ಕೆ ಫಿಪ್ರೊನಿಲ್, ಚಿಗಟದ ಜೊತೆಗೆ ಕಿವಿನುಸಿ ಮತ್ತು ಕಜ್ಜಿಗೆ ಸೆಲಾಮೆಕ್ಟಿನ್ ಮುಂತಾದ ಹನಿ ಔಷಧಗಳನ್ನು ವೈದ್ಯರು ಬರೆಯುತ್ತಾರೆ. ಮರಿಯ ವಯಸ್ಸು ಮತ್ತು ತೂಕವನ್ನು ಮೊದಲೇ ತಿಳಿಸಿ. ಇಂಥ ಹೆಚ್ಚಿನ ಔಷಧಗಳು ಎಂಟು ವಾರ ದಾಟದ ಮರಿಗಳಿಗಲ್ಲ. ಅಷ್ಟು ಎಳೆಯ ಮರಿಗೆ ದಿನವೂ ಬಾಚುವುದೇ ಮುಖ್ಯ ಉಪಾಯ, ಉಳಿದದ್ದನ್ನು ವೈದ್ಯರೇ ಹೇಳಬೇಕು.

ಹನಿ ಹಾಕಬೇಕಾದದ್ದು ಬೆಕ್ಕಿನ ನಾಲಿಗೆ ತಲುಪದ ಜಾಗಕ್ಕೆ, ಎಂದರೆ ತಲೆಬುರುಡೆಯ ಕೆಳಗೆ, ಕತ್ತಿನ ಹಿಂಭಾಗಕ್ಕೆ. ಎರಡು ಬೆರಳಿನಿಂದ ಕೂದಲನ್ನು ಬೈತಲೆಯಂತೆ ಬಿಡಿಸಿ, ಬಿಳಿ ಚರ್ಮ ಕಂಡ ಮೇಲೆ ನಳಿಗೆಯ ಮೂತಿಯನ್ನು ಚರ್ಮಕ್ಕೆ ತಾಗಿಸಿ ಹಿಂಡಿ. ಕೂದಲಿನ ಮೇಲೆ ಸುರಿದರೆ ಔಷಧವೂ ದುಡ್ಡೂ ವ್ಯರ್ಥ. ಅಲ್ಲೇ ಹುಣ್ಣಿದ್ದರೆ ಎಲ್ಲಿ ಹಾಕಬೇಕೆಂದು ವೈದ್ಯರನ್ನೇ ಕೇಳಿ. ಮನೆಯಲ್ಲಿ ಬೇರೆ ಬೆಕ್ಕು, ನಾಯಿಗಳಿದ್ದರೆ ಅವುಗಳಿಗೂ ಅದೇ ದಿನ ಚಿಕಿತ್ಸೆ ಆಗಬೇಕು, ಆದರೆ ಬೆಕ್ಕಿಗೆ ಬೆಕ್ಕಿನದು, ನಾಯಿಗೆ ನಾಯಿಯದು.

ಕಾರಣವಿದೆ. ನಾಯಿಗೆಂದು ಮಾರುವ ಅನೇಕ ಹನಿಗಳಲ್ಲಿ, ಪುಡಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿಗೆ ಅದು ವಿಷ. ಕೆಲವೇ ಗಂಟೆಗಳಲ್ಲಿ ಮೈ ನಡುಗಿ, ಸ್ನಾಯು ಅದುರಿ, ಅಪಸ್ಮಾರ ಬಂದು ಸಾಯಬಹುದು. ಅಜ್ಜನ ಕಜ್ಜಿಗೆ ತಂದ ಟ್ಯೂಬಿನಲ್ಲೂ ಹೆಚ್ಚಾಗಿ ಇರುವುದು ಇದೇ ಪರ್ಮೆಥ್ರಿನ್. ಹಸುವಿನ ಮೈಯ ಉಣ್ಣೆಹುಳುಗಳಿಗೆಂದು ಕೊಟ್ಟಿಗೆಯ ಗೂಡಿನಲ್ಲಿಟ್ಟ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಇದರ ದಾಯಾದಿಗಳು, ಅಮಿಟ್ರಾಜ್ ಕೂಡ ಬೆಕ್ಕಿಗೆ ಆಗದು. ದನಕ್ಕೆ ಉಳಿದ ಐವರ್ಮೆಕ್ಟಿನ್ ಬಾಟಲಿಯಿಂದ ಅಂದಾಜಿಗೆ ಒಂದಿಷ್ಟು ಮರಿಗೆ ಚುಚ್ಚುವವರೂ ಇದ್ದಾರೆ. ಪ್ರಮಾಣ ಕೊಂಚ ತಪ್ಪಿದರೆ ಮರಿ ತೂರಾಡಿ, ಕಣ್ಣು ಕಾಣದಂತಾಗಿ, ಪ್ರಜ್ಞೆ ತಪ್ಪಬಹುದು. ಸೀಮೆಎಣ್ಣೆ, ಫಿನಾಯಿಲ್, ಡೆಟಾಲ್, ಕರ್ಪೂರದ ಎಣ್ಣೆ, ಹೊಗೆಸೊಪ್ಪಿನ ನೀರು, ಟೀ ಟ್ರೀ ಎಣ್ಣೆ, ಇವುಗಳಲ್ಲಿ ಯಾವುದೂ ಬೆಕ್ಕಿನ ಮೈ ಮುಟ್ಟಬಾರದು. ತಪ್ಪಿ ಬಿದ್ದಿದ್ದರೆ ನೆಕ್ಕಲು ಬಿಡದೆ ಬಟ್ಟೆಯಲ್ಲಿ ಸುತ್ತಿಕೊಂಡು ಕೂಡಲೇ ವೈದ್ಯರಿಗೆ ಫೋನ್ ಮಾಡಿ. ನೋವಿಗೆಂದು ಪ್ಯಾರಾಸಿಟಮಾಲ್ ಚೂರು ಕೊಡುವ ಯೋಚನೆಯೂ ಬೇಡ, ಅದೂ ಕೊಲ್ಲುತ್ತದೆ.

ಹುಣ್ಣಿನ ಆರೈಕೆ

ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಕದಡಿ. ಮರಿಯನ್ನು ತಲೆಯಷ್ಟೇ ಹೊರಗಿರುವಂತೆ ಟವೆಲ್‌ನಲ್ಲಿ ಬಿಗಿಯಾಗಿ ಸುತ್ತಿ, ಹತ್ತಿಯನ್ನು ನೀರಿನಲ್ಲಿ ಅದ್ದಿ ಹಕ್ಕಳೆಯ ಮೇಲೆ ಒಂದೆರಡು ನಿಮಿಷ ಒತ್ತಿಡಿ. ತಾನಾಗಿ ಬಿಟ್ಟುಕೊಂಡದ್ದನ್ನು ಒರೆಸಿ. ಬಿಡದ ಹಕ್ಕಳೆಯನ್ನು ಕಿತ್ತರೆ ಅಡಿಯಲ್ಲಿ ಬೆಳೆಯುತ್ತಿರುವ ಹೊಸ ಚರ್ಮವೂ ಕಿತ್ತು ಬರುತ್ತದೆ. ಕೀವು, ದುರ್ವಾಸನೆ, ಬಾವು ಇದ್ದರೆ ಆ್ಯಂಟಿಬಯಾಟಿಕ್ ಬೇಕಾಗಬಹುದು, ಬರೆದಷ್ಟು ದಿನವೂ ಕೊಡಬೇಕು.

ಹಿಂಗಾಲಿನ ಉಗುರುಗಳ ಮೊನೆ ಕತ್ತರಿಸಿದರೆ ಹೊಸ ಗಾಯಗಳು ಕಡಿಮೆಯಾಗುತ್ತವೆ. ಬೆಳಕಿಗೆ ಹಿಡಿದಾಗ ಉಗುರಿನೊಳಗೆ ಕಾಣುವ ಕೆಂಪು ಗೆರೆಯನ್ನು ಮುಟ್ಟಬಾರದು. ಹುಣ್ಣನ್ನು ನೆಕ್ಕದಂತೆ, ಕೆರೆಯದಂತೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕಾಲರ್ ಅನ್ನು ಬೆಕ್ಕು ಮೊದಲ ದಿನ ದ್ವೇಷಿಸಿ, ಹಿಂದೆ ಹಿಂದೆ ನಡೆದು ಗೋಡೆಗೆ ಢಿಕ್ಕಿ ಹೊಡೆಯುತ್ತದೆ. ಕರುಣೆ ತೋರಿ ಬಿಚ್ಚಿದರೆ ವಾರದ ವಾಸಿ ಅರ್ಧ ಗಂಟೆಯಲ್ಲಿ ಹಾಳು. ಈ ಆರೈಕೆಯ ನಡುವೆ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಲಸಿಕೆಯ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿ.

ಮನೆಗೂ ಚಿಕಿತ್ಸೆ

ಚಿಗಟದ ಸಂಸಾರದಲ್ಲಿ ಬೆಕ್ಕಿನ ಮೈಮೇಲಿರುವುದು ಸಣ್ಣ ಪಾಲು. ಮೊಟ್ಟೆಗಳು ಕೂದಲಿನಿಂದ ಉರುಳಿ ಹಾಸು, ಸೋಫಾದ ಸಂದು, ಸೌದೆ ರಾಶಿಯ ಧೂಳಿಗೆ ಬೀಳುತ್ತವೆ. ಮೊಟ್ಟೆಯಿಂದ ಹೊರಬಂದ ಮರಿಹುಳು ಗೂಡು ಕಟ್ಟಿಕೊಂಡು ಕೋಶವಾದ ಮೇಲೆ ತಿಂಗಳುಗಟ್ಟಲೆ ಕಾದಿರಬಲ್ಲದು. ಬಹುಕಾಲ ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೇ ಚಿಗಟಗಳು ಕಾಲಿಗೆ ಮುತ್ತುವುದು ಇದರಿಂದಲೇ. ಬೆಕ್ಕಿನ ಹಾಸನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೂಲೆ, ಬಿರುಕು, ಮಂಚದಡಿ ದಿನವೂ ಗುಡಿಸಿ, ಕಸವನ್ನು ಅಂದೇ ಹೊರಗೆ ಹಾಕಿ. ಹುಳುಕಡ್ಡಿಯಾದರೆ ಉದುರಿದ ಪ್ರತಿ ಕೂದಲೂ ರೋಗವನ್ನು ಹೊತ್ತಿರಬಹುದು, ಆದ್ದರಿಂದ ವಾಸಿಯಾಗುವ ತನಕ ಮರಿಯನ್ನು ತೊಳೆಯಲು ಸುಲಭವಾದ ಒಂದೇ ಕೋಣೆಯಲ್ಲಿಡಿ.

ಔಷಧ ಬಿದ್ದ ಮೇಲೂ ಕೆಲವು ವಾರ ಅಲ್ಲಲ್ಲಿ ಚಿಗಟ ಕಾಣಿಸಿದರೆ ಗಾಬರಿ ಬೇಡ, ಅವು ಹಳೆಯ ಕೋಶಗಳಿಂದ ಎದ್ದು ಬಂದವು. ಮುಂದಿನ ಕಂತನ್ನು ಮಾತ್ರ ತಪ್ಪಿಸಬೇಡಿ. ಇಷ್ಟೆಲ್ಲ ಆಗಿಯೂ ತಲೆ, ಕತ್ತು ಕೆರೆಯುವುದು ನಿಲ್ಲದಿದ್ದರೆ ಆಹಾರದ ಅಲರ್ಜಿಯನ್ನು ಶಂಕಿಸಬೇಕು. ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸದ ಆಹಾರವನ್ನು ವೈದ್ಯರ ಸಲಹೆಯಂತೆ ಸುಮಾರು ಎಂಟು ವಾರ ಕೊಟ್ಟು ನೋಡುತ್ತಾರೆ. ಅಷ್ಟು ದಿನ ಹಾಲು, ಮೀನು, ಪಕ್ಕದ ಮನೆಯ ಔತಣ ಎಲ್ಲ ಬಂದ್, ಇಲಿ ಬೇಟೆಯೂ ಸೇರಿದಂತೆ. ಇನ್ನು, ಬಾಲದ ಕೆಳಗೆ ಅಕ್ಕಿಕಾಳಿನಂಥವು ಅಂಟಿರುವುದು ಕಂಡರೆ ಅವು ಲಾಡಿಹುಳುವಿನ ತುಂಡುಗಳು. ಹೆಚ್ಚಾಗಿ ಮೈ ನೆಕ್ಕುವಾಗ ನುಂಗಿದ ಚಿಗಟದಿಂದಲೇ ಅದು ಹೊಟ್ಟೆ ಸೇರುತ್ತದೆ, ಹಾಗಾಗಿ ಮುಂದಿನ ಭೇಟಿಯಲ್ಲಿ ಜಂತುಹುಳುವಿನ ಮಾತ್ರೆಯನ್ನೂ ಕೇಳಿ ಪಡೆಯಿರಿ.